ಹದಿನೇಳು ಸೆಕೆಂಡಿನ ಹೆಂಗಸು

‘ಅದು ಹಳದಿ ಅಲ್ಲವಂತೆ. ನರ್ಸ್ ಹಾಗೆಂದು ಅತ್ತಳು. ನಾನು ಹೊನ್ನಗುಡ್ಡಕ್ಕೆ ವಾಪಸ್ಸು ಹೋಗಲೇಬೇಕು.’

ಸತ್ತವನ ಡೈರಿಯ ಕೊನೆಯ ಪುಟದಲ್ಲಿ ಇದ್ದದ್ದು ಇಷ್ಟೇ. ಸಬ್ ಇನ್ಸ್‌ಪೆಕ್ಟರ್ ಮಂಜುಶ್ರೀ ಆ ಇಂಗ್ಲಿಷ್ ಸಾಲುಗಳನ್ನು ಮೂರನೆಯ ಸಲ ಓದಿದಳು. ಯಾವುದು ಹಳದಿ ಅಲ್ಲ? ಆ ನರ್ಸಿಗೆ ಅಳುವಂಥದ್ದೇನು ಕಂಡಿತು? ಎರಡಕ್ಕೂ ಉತ್ತರ ಹೇಳಬೇಕಾದವನು ಶವಾಗಾರದಲ್ಲಿದ್ದ.

ಕಾಲಿನ್ ಪ್ರೈಸ್ ಎಂಬ ಆ ಇಂಗ್ಲೆಂಡಿನ ಸಂಗೀತಗಾರ ಆಲೂರು ಹತ್ತಿರದ ಹೊನ್ನಗುಡ್ಡ ಕಾಫಿ ಎಸ್ಟೇಟಿನ ಹಳೇ ಕಲ್ಲುಕ್ವಾರಿಯ ತಳದಲ್ಲಿ ತಲೆಯೊಡೆದು ಬಿದ್ದು ಇವತ್ತಿಗೆ ಮೂರು ದಿನ. ಅವನ ರೆಕಾರ್ಡರ್ ಬೆಳಿಗ್ಗೆ ಎಸ್ಟೇಟಿನ ಜೀಪ್ ಡ್ರೈವರ್ ಶಿವುವಿನ ಮಂಚದ ಕೆಳಗೆ ಸಿಕ್ಕಿತ್ತು. ಒಳಗಿರಬೇಕಾಗಿದ್ದ ಡಿಸ್ಕ್ ಇರಲಿಲ್ಲ. ‘ಅವ್ವಂಗೆ ಕೇಳ್ಸು ಅಂತ ಅವ್ರೇ ಕೊಟ್ಟಿದ್ರು’ ಎಂದ ಶಿವು. ಖಾಲಿ ರೆಕಾರ್ಡರಿನಲ್ಲಿ ಅವ್ವನಿಗೆ ಕೇಳಿಸುವುದೇನು ಎಂದು ಮೇಲಿನವರು ನಕ್ಕು ಅವನನ್ನು ಲಾಕಪ್ಪಿಗೆ ತಳ್ಳಿದ್ದರು. ನಾಳೆ ಹನ್ನೊಂದು ಗಂಟೆಗೆ ಕೊಲೆ ಆರೋಪದ ಮೇಲೆ ಕೋರ್ಟಿಗೆ ಹಾಜರು.

ಅವನು ಕೊಂದಿಲ್ಲವೆಂದು ಮಂಜುಶ್ರೀಯ ಮನಸ್ಸು ಹೇಳುತ್ತಿತ್ತು. ಆದರೆ ಸಬ್ ಇನ್ಸ್‌ಪೆಕ್ಟರ್ ಒಬ್ಬಳ ಮನಸ್ಸಿನ ಮಾತನ್ನು ಯಾವ ಕೋರ್ಟು ತಾನೇ ಬರೆದುಕೊಂಡೀತು?

“ಆಲ್ಬಮ್ ನೋಡ್ತೀರಾ ಮೇಡಂ? ಕಾಲಿನ್ನನ ಇಡೀ ಜೀವನ ಇದರಲ್ಲಿದೆ,” ಎಂದಳು ಚೈತ್ರಶ್ರೀ.

ಎಸ್ಟೇಟಿನ ಯಜಮಾನ ರಾಮಯ್ಯನವರ ಒಬ್ಬಳೇ ಮಗಳು ಚೈತ್ರಶ್ರೀ. ಇಪ್ಪತ್ತಾರು ವರ್ಷ, ಮೈಸೂರಿನಲ್ಲಿ ಬಿ.ಎ. ಮಾಡಿದವಳು. ಇಂಗ್ಲಿಷ್ ಹಾಡುಗಳ ಹುಚ್ಚು. ಕಾಲಿನ್ ಇಳಿದುಕೊಂಡಿದ್ದ ಈ ಗೆಸ್ಟ್ ಹೌಸಿನ ಬೀಗ ತೆಗೆದು, ಬೆಳಿಗ್ಗೆಯಿಂದ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದವಳು ಅವಳೇ. ಇಷ್ಟು ಸಹಾಯ ಮಾಡುವ ದೊಡ್ಡಮನೆಯವರನ್ನು ಮಂಜುಶ್ರೀ ತನ್ನ ಒಂಬತ್ತು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಆಲ್ಬಮ್ಮಿನ ಮೊದಲ ಹಾಳೆಯಲ್ಲಿ ನಾಲ್ವರು ಎಳೆಯರು ಒಂದು ಬಸ್ ಸ್ಟಾಪಿನಲ್ಲಿ ಹಲ್ಲುಕಿರಿದು ನಿಂತಿದ್ದರು. ಮೂವರು ಹುಡುಗರು, ಒಬ್ಬಳು ಹುಡುಗಿ. ತಂಡದ ಹೆಸರು ‘ಲೇಟ್ ಬಸ್’. ಹಾಡಿನ ತಂಡಕ್ಕೆ ಹೀಗೂ ಹೆಸರಿಡುತ್ತಾರೆಯೇ ಎಂದು ನಮ್ಮ ಆಲೂರು ಕಡೆಯವರಿಗೆ ಅನ್ನಿಸೀತು. ಇಲ್ಲಿ ತಡವಾಗಿ ಬರುವ ಬಸ್ಸಿಗೆ ಬೈಗುಳವಲ್ಲದೆ ಬೇರೇನೂ ಸಿಕ್ಕಿದ್ದಿಲ್ಲ.

ಬರ್ಮಿಂಗ್‌ಹ್ಯಾಮಿನ ಒಂದು ಚರ್ಚಿನಲ್ಲಿ ಒಟ್ಟಿಗೆ ಹಾಡಿಕೊಂಡು ಬೆಳೆದವರಂತೆ. ಗ್ಯಾರೇಜೊಂದರಲ್ಲಿ ಕೊನೆಯ ಬಸ್ಸಿನ ಹೊತ್ತಿನವರೆಗೂ ಅಭ್ಯಾಸ ಮಾಡುತ್ತಿದ್ದುದರಿಂದ ಆ ಹೆಸರು. ಅವರದು ರಿದಮ್ ಅಂಡ್ ಬ್ಲೂಸ್. ಹಾಗೆಂದರೇನು ಎಂದು ಮಂಜುಶ್ರೀ ಕೇಳಿದ್ದಕ್ಕೆ, ತಾಳ ಎದೆಬಡಿತದ ಹಾಗೆ ಬಡಿಯುತ್ತಿರಬೇಕು, ಹಾಡುವವರು ಅದರ ಮೇಲೆ ಎಳೆದೆಳೆದು ಹಾಡಬೇಕು ಎಂದು ಚೈತ್ರಶ್ರೀ ಬಿಡಿಸಿ ಹೇಳಿದಳು. ತಾಳ ಕಟ್ಟುವ ಕೆಲಸ ಕಾಲಿನ್ನನದು. ಮುಂದೆ ನಿಂತು ಹಾಡುವವಳು ಡಿಯಾನ್.

ತೊಂಬತ್ತೈದರಲ್ಲಿ ಮೊದಲ ಹಾಡು ಬಂತು, ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅರವತ್ತೊಂದನೆಯ ಸ್ಥಾನಕ್ಕೇ ಸುಸ್ತಾಯಿತು. ಮರುವರ್ಷದ ಆಲ್ಬಮ್ ಹೇಳಹೆಸರಿಲ್ಲದೆ ಮುಳುಗಿತು. ಇನ್ನೊಂದು ವರ್ಷ ನೋಡುತ್ತೇವೆ, ಆಮೇಲೆ ನಿಮ್ಮ ದಾರಿ ನಿಮಗೆ ಎಂದಿತು ರೆಕಾರ್ಡ್ ಕಂಪನಿ. ಹೊಸ ಸದ್ದು ಹುಡುಕಿಕೊಂಡು ಕಾಲಿನ್ ದೇಶ ಸುತ್ತಲು ಹೊರಟ. ರಾಮಯ್ಯನವರ ಕಾಫಿ ಕೊಳ್ಳುವ ಲಂಡನ್ನಿನ ವ್ಯಾಪಾರಿಯ ಪರಿಚಯದ ಮೇಲೆ, ತೊಂಬತ್ತೇಳರ ಡಿಸೆಂಬರಿನಲ್ಲಿ ಇಲ್ಲಿಗೂ ಬಂದ. ಎರಡು ವಾರ ಇದ್ದ, ವಾಪಸ್ಸು ಹೋದ ಬಸ್ಸಿನ ಟಿಕೆಟನ್ನೂ ಆಲ್ಬಮ್ಮಿಗೆ ಅಂಟಿಸಿಟ್ಟಿದ್ದ. ಹಣ್ಣು ಕೊಯ್ಯುವವರ ನಡುವೆ ರೆಕಾರ್ಡರ್ ಹಿಡಿದು ತಿರುಗುತ್ತಿದ್ದ ಅವನನ್ನು ಕೂಲಿಗಳ ಮನೆಸಾಲಾದ ಲೈನಿನ ಜನ ಎರಡೇ ದಿನಕ್ಕೆ ‘ಕಾಳಿಂಗಣ್ಣ’ ಮಾಡಿಕೊಂಡರು.

ಮುಂದಿನ ಹಾಳೆ ತಿರುಗಿಸಿದರೆ ಎಲ್ಲೆಲ್ಲೂ ಹಳದಿ. ನಾಲ್ವರಿಗೂ ಹಳದಿ ಬಟ್ಟೆ, ಹಿಂದೆ ಹಳದಿ ಪರದೆ, ಎದುರಿಗೆ ಸಾವಿರಾರು ಹಳದಿ ರುಮಾಲು.

“ಯೆಲ್ಲೋ ಧರ್ಮ,” ಎಂದಳು ಚೈತ್ರಶ್ರೀ. “ತೊಂಬತ್ತೆಂಟರ ಆಗಸ್ಟಿನಲ್ಲಿ ಬಂದ ಹಾಡು. ಐದು ವಾರ ಮೊದಲನೇ ಸ್ಥಾನ.”

ಜರ್ಮನಿ, ಜಪಾನು, ದೊಡ್ಡ ಬಹುಮಾನ, ಟಿವಿ, ಎಲ್ಲ ಆ ಒಂದು ಹಾಡಿನಿಂದ. ಪತ್ರಿಕೆಯೊಂದರ ಸಂದರ್ಶನವನ್ನು ಮಂಜುಶ್ರೀ ತಾನೇ ಓದಿದಳು. ಹೊನ್ನಗುಡ್ಡದಿಂದ ಹೊರಡುವ ಹಿಂದಿನ ಸಂಜೆ ರೆಕಾರ್ಡರನ್ನು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕಿಟಕಿಯ ಮೇಲೆ ಓಡಲು ಬಿಟ್ಟು ತಾನು ಹಣ್ಣಿನ ತೂಕ ನೋಡಲು ಹೋಗಿದ್ದಾಗಿಯೂ, ಆ ತಾಳ ಮತ್ತು ಆ ಹೆಂಗಸಿನ ದನಿ ಎರಡೂ ಒಂದೇ ಡಿಸ್ಕಿನಲ್ಲಿ ಸಿಕ್ಕಿದ್ದಾಗಿಯೂ ಕಾಲಿನ್ ಹೇಳಿಕೊಂಡಿದ್ದ. ದನಿ ಇರುವುದು ಹದಿನೇಳೇ ಸೆಕೆಂಡು. ಅದು ಹಳದಿ ವಸ್ತ್ರ ಉಟ್ಟವರ ಪವಿತ್ರ ಮಾರ್ಗವನ್ನು ಹೊಗಳುವ ಭಾರತದ ಪ್ರಾರ್ಥನೆ ಎಂದೂ ಸೇರಿಸಿದ್ದ.

ಕೊನೆಯ ಹಾಳೆಗಳಲ್ಲಿ ನಗು ಇರಲಿಲ್ಲ. ಎರಡನೆಯ ಆಲ್ಬಮ್, ಮೂರನೆಯ ಆಲ್ಬಮ್, ಯಾವುದೂ ಏಳಲಿಲ್ಲ. ಎಲ್ಲಿ ಹೋದರೂ ಜನ ಆ ಒಂದನ್ನೇ ಕೇಳಿದರು. ಎರಡು ಸಾವಿರದ ಒಂದರಲ್ಲಿ ಡಿಯಾನ್ ತಂಡ ಬಿಟ್ಟಳು. ಅವಳು ಪತ್ರಿಕೆಗೆ ಹೇಳಿದ ಮಾತನ್ನು ಕಾಲಿನ್ ಕತ್ತರಿಸಿ ಅಂಟಿಸಿಕೊಂಡಿದ್ದ. ‘ಜನ ಕೇಳುವುದಕ್ಕೆ ಬರುವುದು ನನ್ನನ್ನಲ್ಲ, ಆ ಗೊತ್ತಿಲ್ಲದ ಹೆಂಗಸನ್ನು.’ ಉಳಿದ ಮೂವರು ಮರುವರ್ಷ ಅರೆಖಾಲಿ ಸಭಾಂಗಣದಲ್ಲಿ ಕೊನೆಯ ಬಾರಿ ಹಾಡಿ ಬೇರೆಯಾದರು.

ಹಾಡನ್ನು ಹಾಕಲು ಮಂಜುಶ್ರೀ ಹೇಳಿದಳು. ಚೈತ್ರಶ್ರೀ ಕಾಲಿನ್ನನ ಪುಟ್ಟ ಸಿಡಿ ಪ್ಲೇಯರಿಗೆ ಅಷ್ಟೇ ಪುಟ್ಟ ಸ್ಪೀಕರ್ ಸಿಕ್ಕಿಸಿದಳು. ತಾಳ ಶುರುವಾಯಿತು. ಡಿಯಾನಳ ದನಿ ಬಂತು, ಏರಿತು, ಇಳಿಯಿತು. ತಾಳವೊಂದೇ ಉಳಿದು ಇನ್ನೇನು ಬೇರೊಂದು ದನಿ ಬರಬೇಕು, ಅಷ್ಟರಲ್ಲಿ ಚೈತ್ರಶ್ರೀಯ ಬೆರಳು ಗುಂಡಿ ಒತ್ತಿತು.

ಇದು ಕೇಳಿ ಕೇಳಿ ಬೋರಾಗಿಹೋಗಿದೆ, ಮುಂದಿನದು ಚೆನ್ನಾಗಿದೆ ಎಂದಳು. ಮಂಜುಶ್ರೀ ಮುಂದಿನದನ್ನು ಕೇಳುವ ಆಸೆ ತೋರಿಸಲಿಲ್ಲ. ಪ್ಲೇಯರು, ಸ್ಪೀಕರು, ಡೈರಿ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಎದ್ದಳು.

ಬಂಗಲೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಕಿರುಗಂಟೆ ಕಿಣಿಕಿಣಿ ಎಂದಿತು. ರಾಮಯ್ಯನವರ ಹೆಂಡತಿ ವಿಶಾಲಮ್ಮ ಆಳುಗಳನ್ನು ಕರೆಯುವುದು ಹಾಗೆ. ತೊಂಬತ್ತಾರರಲ್ಲಿ ಗಂಟಲಿನ ಆಪರೇಷನ್ ಆದ ಮೇಲೆ ಆಕೆಯ ಮಾತು ಪಿಸುಗುಟ್ಟುವುದರಿಂದ ಮೇಲೆ ಏರಿರಲಿಲ್ಲ. ಮೆಟ್ಟಿಲಿಗಡ್ಡವಾಗಿ ಟೈಗರ್ ಎಂಬ ಮುದಿ ನಾಯಿ, ಹೆಸರಿಗೆ ಅವಮಾನವಾಗುವಷ್ಟು ನೆಮ್ಮದಿಯಿಂದ ಮಲಗಿತ್ತು.

ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಗಿಡ್ಡಯ್ಯ ಕಾಯುತ್ತಿದ್ದ. ಆರಡಿ ಎತ್ತರದ ಆಸಾಮಿ. ಹುಟ್ಟಿದ ದಿನ ಹೆಸರಿಟ್ಟವರಿಗೆ ಇದು ಗೊತ್ತಾಗುವಂತಿರಲಿಲ್ಲ. ಪಕ್ಕದ ಊರು ಕೆ. ಹೊಸಕೋಟೆಯವನು, ಅವನ ತಾಯಿ ಇದೇ ಎಸ್ಟೇಟಿನಲ್ಲಿ ಹಣ್ಣು ಕೊಯ್ದು ಅವನನ್ನು ಓದಿಸಿದ್ದಳು. ಜೀಪು ಲೈನಿನ ಕಡೆ ಇಳಿಯುತ್ತಿದ್ದಂತೆ ಮಂಜುಶ್ರೀ ಹಾಡು ಹಾಕಿದಳು.

ಕಾಲು ನಿಮಿಷವೂ ಆಗಿರಲಿಲ್ಲ, ಗಿಡ್ಡಯ್ಯ ಬ್ರೇಕ್ ಒತ್ತಿದ.

“ಮೇಡಂ, ಇದು ನಮ್ ಗಂಟೆ.”

ಹಣ್ಣು ತೂಗುವ ಸ್ಟೋರಿನ ಮುಂದೆ ಹಲಸಿನ ಮರಕ್ಕೆ ಒಂದು ತುಂಡು ರೈಲು ಕಂಬಿ ನೇತುಹಾಕಿದ್ದಾರೆ. ಬೆಳಿಗ್ಗೆ ಹಾಜರಿಗೆ, ಮಧ್ಯಾಹ್ನ ಊಟಕ್ಕೆ, ಸಂಜೆ ತೂಕಕ್ಕೆ ಅದನ್ನು ಬಡಿಯುವುದು ಲೆಕ್ಕ ಬರೆಯುವ ರೈಟರ್ ವೀರಯ್ಯನ ಕೆಲಸ. ಸಂಜೆಯ ತೂಕಕ್ಕೆ ಮಾತ್ರ ಅವನದೊಂದು ಮಟ್ಟು: ಎರಡು ಬಿರುಸು, ಒಂದು ನಿಧಾನ. ಚಿಕ್ಕಂದಿನಲ್ಲಿ ಅದನ್ನು ಕೇಳಿ ತಾನು ಅಮ್ಮನ ಚೀಲ ಹೊರಲು ಓಡುತ್ತಿದ್ದೆ ಎಂದು ಗಿಡ್ಡಯ್ಯ ಸ್ಟಿಯರಿಂಗಿನ ಮೇಲೆ ಬಡಿದು ತೋರಿಸಿದ. ಹಾಡಿನ ತಾಳವೂ ಅವನ ಬೆರಳೂ ಒಂದಿಷ್ಟೂ ತಪ್ಪದೆ ಜೊತೆಗೇ ನಡೆದವು.

ಆಮೇಲೆ ಆ ದನಿ ಬಂತು.

ತೆಳ್ಳಗೆ, ಬಾವಿಯೊಳಗಿನಿಂದ ಎದ್ದ ಹಾಗೆ. ಯೆಲ್ಲೋ ಧರ್ಮ, ಯೆಲ್ಲೋ, ಯೆಲ್ಲೋ ಧರ್ಮ. ಇಂಗ್ಲೆಂಡ್, ಜರ್ಮನಿ, ಜಪಾನುಗಳೆಲ್ಲ ಹಳದಿ ರುಮಾಲು ಬೀಸಿ ಕುಣಿದದ್ದು ಇದಕ್ಕೆ. ಅಷ್ಟು ದೂರ ಹೋದ ಹಾಡು ಅದನ್ನು ಅರ್ಥಮಾಡಿಕೊಳ್ಳಬಲ್ಲವರ ಈ ಲೈನಿಗೆ ಮಾತ್ರ ಇಷ್ಟು ವರ್ಷ ಬಂದಿರಲಿಲ್ಲ.

ಹಳದಿಯಲ್ಲ, ಪ್ರಾರ್ಥನೆಯಲ್ಲ. ಅದು ಕನ್ನಡ.

ಏಳೋ, ಧರ್ಮ. ಏಳೋ. ಏಳೋ ಧರ್ಮ.

ಡೈರಿಯ ಆ ನರ್ಸು ಕನ್ನಡದವಳಿರಬೇಕು, ಅರ್ಥವಾಗಿಯೇ ಅತ್ತಿದ್ದಳು.

“ಧರ್ಮ ಅಂದ್ರೆ ಯಾರು ಗಿಡ್ಡಯ್ಯ?”

ಗಿಡ್ಡಯ್ಯ ಎಂಜಿನ್ ಆರಿಸಿದ. ಆಮೇಲೆ ಹೇಳಿದ. ಶಿವುವಿನ ಅಣ್ಣ. ಪಲ್ಪರ್ ಮನೆಯಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದ. ತೊಂಬತ್ತೇಳರ ಡಿಸೆಂಬರ್ ಹದಿನೈದು, ಸೋಮವಾರ ಬೆಳಿಗ್ಗೆ ಅಲ್ಲಿನ ತೊಟ್ಟಿಯಲ್ಲಿ ಹೆಣವಾಗಿ ಸಿಕ್ಕಿದ. ಭಾನುವಾರ ರಜೆ, ಕುಡಿದು ಒಬ್ಬನೇ ಹೋಗಿ ಬಿದ್ದಿದ್ದಾನೆ, ಹತ್ತಿರ ಯಾರೂ ಇರಲಿಲ್ಲ ಎಂದು ಬರೆದು ಫೈಲು ಮುಚ್ಚಿದ್ದರು.

ಮಂಜುಶ್ರೀ ಆಲ್ಬಮ್ಮಿನಲ್ಲಿದ್ದ ಬಸ್ ಟಿಕೆಟನ್ನು ನೆನೆಸಿಕೊಂಡಳು. ಕಾಲಿನ್ ಹೊನ್ನಗುಡ್ಡ ಬಿಟ್ಟದ್ದು ಡಿಸೆಂಬರ್ ಹದಿನಾಲ್ಕು, ಅದೇ ಭಾನುವಾರದ ಬೆಳಿಗ್ಗೆ. ಹೊರಡುವ ಹಿಂದಿನ ಸಂಜೆ ಎಂದರೆ ಶನಿವಾರ. ಶನಿವಾರವೇ ಧರ್ಮ ಏಳದೆ ಮಲಗಿದ್ದ. ಅವನ ಹತ್ತಿರ ಒಬ್ಬ ಹೆಂಗಸಿದ್ದಳು.

ಧರ್ಮನ ತಾಯಿ ಚೌಡಮ್ಮ ಲೈನಿನ ಕೊನೆಯ ಮನೆಯ ಮುಂದೆ ಕೂತಿದ್ದಳು. ಒಬ್ಬ ಮಗ ತೊಟ್ಟಿಯ ಪಾಲಾದ, ಇನ್ನೊಬ್ಬ ಜೈಲಿನ ಪಾಲಾಗುತ್ತಿದ್ದಾನೆ. ಅವಳು ಪೊಲೀಸರನ್ನು ಕಂಡು ಎದ್ದು ನಿಲ್ಲಲಿಲ್ಲ. ಮಂಜುಶ್ರೀ ಪಕ್ಕದಲ್ಲೇ ಕೂತು, ಹೇಗೆ ಶುರುಮಾಡುವುದೆಂದು ತಿಳಿಯದೆ, ಸುಮ್ಮನೆ ಹಾಡು ಹಾಕಿದಳು. ಹದಿನೇಳು ಸೆಕೆಂಡು ಮುಗಿಯಿತು.

“ಇನ್ನೊಂದ್ ಸಲ ಹಾಕವ್ವ,” ಎಂದಳು ಚೌಡಮ್ಮ.

ಎರಡನೆಯ ಸಲ ಅವಳು ಕಣ್ಣು ಮುಚ್ಚಿ ಕೇಳಿದಳು.

“ನನ್ ಮಗನ್ನ ಯಾರೋ ಎಬ್ಬುಸ್ತಾವ್ರೆ.”

“ಯಾರು ಅಂತ ಗೊತ್ತಾಗುತ್ತೇನವ್ವ?”

“ದನೀನ ತೆಳ್ಳುಗೆ ಎಳ್ದುಬುಟ್ಟವ್ರೆ, ಗೊತ್ತಾಗಕಿಲ್ಲ. ಆದ್ರೆ ನಮ್ಮೋರಲ್ಲ ಕಣವ್ವ. ನಮ್ ಲೈನ್ನಾಗೆ ಯಾವ್ ಹೆಂಗ್ಸೂ ‘ಏಳೋ’ ಅನ್ನಕಿಲ್ಲ. ‘ಏಳ್ಲಾ’ ಅಂತೀವಿ. ಇಪ್ಪತ್ತೆರಡು ವರ್ಸ ನಾನೂ ಏಳ್ಲಾ ಧರ್ಮ ಅಂತ್ಲೇ ಎಬ್ಬುಸ್ದೆ. ಏಳೋ ಅನ್ನೋದು ಬಂಗ್ಲೆ ಮಾತು.”

ಒಂದೇ ಒಂದು ಅಕ್ಷರ. ದೊಡ್ಡ ಊರಿನ ಯಾವ ಪತ್ತೇದಾರನ ಭೂತಗನ್ನಡಿಗೂ ಸಿಗದಿದ್ದುದು ಈ ಮುದುಕಿಯ ಕಿವಿಗೆ ಎರಡು ಸಲಕ್ಕೇ ಸಿಕ್ಕಿತ್ತು.

ಆ ಶನಿವಾರ ಇವಳಿಗೆ ಚೆನ್ನಾಗಿ ನೆನಪಿತ್ತು, ಮಗನನ್ನು ಕೊನೆಯದಾಗಿ ಕಂಡ ದಿನ. ಅವತ್ತು ತೂಕದ ಗಂಟೆ ಬೇಗ ಹೊಡೆಯಿತಂತೆ. ಬಿಸಿಲು ಇನ್ನೂ ಇಳಿದೇ ಇರಲಿಲ್ಲ, ಎಲ್ಲರ ಚೀಲವೂ ಅರ್ಧಕ್ಕೇ ನಿಂತಿತ್ತು, ಬಯ್ದುಕೊಂಡೇ ಎಲ್ಲ ಸ್ಟೋರಿನ ಕಡೆ ನಡೆದರಂತೆ. ಮಂಜುಶ್ರೀ ಏಳುವಾಗ ಚೌಡಮ್ಮ ಅವಳ ಕೈ ಹಿಡಿದುಕೊಂಡಳು.

“ಒಂಟಿಯಾಗ್ ಸತ್ತ ಅಂದಿದ್ರು ಕಣವ್ವ. ಎಬ್ಬುಸೋಕೆ ಒಬ್ರಾದ್ರೂ ಇದ್ರಲ್ಲ.”

ಮಂಜುಶ್ರೀಗೆ ಶಿವುವನ್ನು ವಾಪಸ್ಸು ತರುತ್ತೇನೆಂದು ಹೇಳುವ ಆಸೆಯಾಯಿತು, ಹೇಳಲು ಧೈರ್ಯ ಬರಲಿಲ್ಲ.

ಸ್ಟೋರಿನ ಮುಂದೆ ವೀರಯ್ಯ ತಕ್ಕಡಿಯ ಕೊಕ್ಕೆಗೆ ಎಣ್ಣೆ ಬಿಡುತ್ತಿದ್ದ. ಅರವತ್ತು ದಾಟಿದವನು, ಕನ್ನಡಕಕ್ಕೆ ದಾರ, ಕಿವಿಗೆ ಪೆನ್ಸಿಲ್. ಮಂಜುಶ್ರೀ ಅವನಿಗೆ ಸಂಜೆಯ ಗಂಟೆಯನ್ನು ಹೊಡೆದು ತೋರಿಸಲು ಹೇಳಿದಳು. ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದರೆ ಜನ ಬಂದುಬಿಡುತ್ತಾರೆ ಎಂದ. ಹಾಗಾದರೆ ಮೆಲ್ಲಗೆ ಹೊಡೆಯಿರಿ ಎಂದಳು. ಅವನು ಸುತ್ತಿಗೆ ತೆಗೆದುಕೊಂಡು ಕಂಬಿಗೆ ಮೂರು ಸಲ ಮುಟ್ಟಿಸಿದ. ಮೂರೂ ಒಂದೇ ಸಮ.

“ಎರಡು ಬಿರುಸು, ಒಂದು ನಿಧಾನ ಇತ್ತಲ್ಲ ವೀರಯ್ಯನೋರೆ? ಯಾವಾಗ ಬಿಟ್ರಿ?”

“ರಟ್ಟೆ ನೋವು ಬಂತು ಮೇಡಂ. ಬಾಳ ವರ್ಸ ಆಯ್ತು.”

“ಆರು ವರ್ಷ,” ಎಂದ ಗಿಡ್ಡಯ್ಯ ಹಿಂದಿನಿಂದ. “ಧರ್ಮ ಸತ್ತ ವಾರದಿಂದ್ಲೇ ಅಂತ ನಮ್ಮವ್ವ ಯೋಳ್ತಿತ್ತು.”

ಮಂಜುಶ್ರೀ ಪ್ಲೇಯರನ್ನು ತಕ್ಕಡಿಯ ತಟ್ಟೆಯ ಮೇಲಿಟ್ಟು ಹಾಡು ಹಾಕಿದಳು. ತನ್ನ ಕೈಯ ಪೆಟ್ಟು ತನ್ನೆದುರೇ ಬಡಿಯತೊಡಗಿದಾಗ ವೀರಯ್ಯನ ಮುಖದ ಬಣ್ಣ ಹೋಯಿತು. ಹೆಂಗಸಿನ ದನಿ ಬಂದಾಗ ಅವನು ಮರಕ್ಕೆ ಕೈಯೂರಿದ. ಯಾವುದೋ ದಿನ ಇರಬೇಕು, ಧರ್ಮ ಕೆಲಸದ ಮೇಲೆ ನಿದ್ದೆ ಹೋಗುತ್ತಿದ್ದ, ಯಾರೋ ಎಬ್ಬಿಸಿರಬೇಕು ಎಂದು ತೊದಲಿದ.

“ಅರ್ಧ ಚೀಲಕ್ಕೇ ಗಂಟೆ ಹೊಡೆದ ದಿನ ಯಾವುದು?”

ವೀರಯ್ಯ ತಕ್ಕಡಿಯ ಕೊಕ್ಕೆಯನ್ನು ಮತ್ತೆ ಒರೆಸತೊಡಗಿದ.

“ನಾಳೆ ಹನ್ನೊಂದಕ್ಕೆ ಶಿವೂನ ಕೋರ್ಟಿಗೆ ಒಯ್ತೀನಿ. ಅಣ್ಣಂದು ಆಯ್ತು, ಈಗ ತಮ್ಮ. ಚೌಡಮ್ಮನ ಚೀಲ ದಿನಾ ಸಂಜೆ ತೂಗೋದು ನೀವೇ ಅಲ್ವಾ? ನಾಡಿದ್ದಿಂದ ಆಕೆ ಮುಖ ಹೇಗೆ ನೋಡ್ತೀರಿ?”

ಕಿವಿಯ ಪೆನ್ಸಿಲ್ ಕೆಳಗೆ ಬಿತ್ತು. ಅದನ್ನೆತ್ತಿಕೊಳ್ಳಲು ಬಗ್ಗಿದವನು ಅಲ್ಲೇ ಕುಕ್ಕರಿಸಿದ.

“ಹೊಡಿ ಅಂದ್ರು, ಹೊಡ್ದೆ ಮೇಡಂ. ನಾಕೂವರೆಗೆ ಹೊಡ್ಯೋದನ್ನ ಮೂರಕ್ಕೇ ಹೊಡ್ಸುದ್ರು. ಪಲ್ಪರ್ ಮನೆ ಹತ್ರ ಒಂದ್ ನರಪಿಳ್ಳೆ ಇರ್ಬಾರ್ದು ಅಂದ್ರು. ಒಳಗೆ ಏನಾಗ್ತೈತೆ ಅಂತ ನಂಗೆ ಗೊತ್ತಿರ್ಲಿಲ್ಲ, ನನ್ ಮಕ್ಳಾಣೆ. ಆಮೇಲೆ ಆ ಮಟ್ಟು ಹೊಡ್ಯೋಕೆ ನಂಗೆ ಕೈ ಬರ್ಲಿಲ್ಲ.”

“ಯಾರಂದ್ರು?”

ವೀರಯ್ಯನ ಕಣ್ಣು ಗುಡ್ಡದ ಮೇಲಿನ ಬಂಗಲೆಯನ್ನು ಒಮ್ಮೆ ಮುಟ್ಟಿ ಕೆಳಗಿಳಿಯಿತು. ನಲವತ್ತು ವರ್ಷದ ಉಪ್ಪು ಅವನ ನಾಲಗೆಯನ್ನು ಹಿಡಿದಿತ್ತು. ಇವತ್ತಿನ ತೂಕ ಮುಗಿಯಲಿ, ತಾನೇ ಠಾಣೆಗೆ ಬಂದು ಹೆಸರು ಹೇಳುತ್ತೇನೆ ಎಂದ. ಇನ್ನು ಒತ್ತಿದರೆ ಮುರಿದುಹೋಗುತ್ತಾನೆ ಎಂದು ಮಂಜುಶ್ರೀಗೆ ಅನ್ನಿಸಿತು. ಗಿಡ್ಡಯ್ಯನನ್ನು ಅವನ ಕಾವಲಿಗೆ ಬಿಟ್ಟು ಒಬ್ಬಳೇ ಬಂಗಲೆಯ ದಾರಿ ಹಿಡಿದಳು. ಅದು ತಪ್ಪೆಂದು ಆಮೇಲೆ ಅವಳೇ ಎಷ್ಟೋ ಸಲ ಹೇಳಿಕೊಂಡಳು.

ಬಂಗಲೆಯಲ್ಲಿ ಇಬ್ಬರೇ ಹೆಂಗಸರು, ಅಡುಗೆಯವರೆಲ್ಲ ಲೈನಿನವರು. ವಿಶಾಲಮ್ಮನಿಗೆ ಆ ದನಿ ಏರಿಸುವ ಗಂಟಲು ತೊಂಬತ್ತೇಳರಲ್ಲಿ ಇರಲಿಲ್ಲ. ಇನ್ನುಳಿದವಳು ಹಾಡು ನಿಲ್ಲಿಸಲು ಸರಿಯಾಗಿ ಆ ಹೊತ್ತಿಗೇ ಬೆರಳು ಚಾಚಿದ್ದಳು. ಲೆಕ್ಕ ಎಷ್ಟು ಸುಲಭವಾಗಿತ್ತೆಂದರೆ ಮಂಜುಶ್ರೀಗೆ ಅದನ್ನು ನಂಬಲು ಮನಸ್ಸೇ ಇರಲಿಲ್ಲ. ಬೆಳಿಗ್ಗೆಯಿಂದ ಆ ಹುಡುಗಿಯನ್ನು ಅವಳು ಮೆಚ್ಚಿಕೊಂಡಿದ್ದಳು.

ಚೈತ್ರಶ್ರೀ ಬಾಗಿಲಿಗೆ ಬಂದಳು. ಒಳಗೆ ಬನ್ನಿ ಎಂದು ಕರೆದು, ಮೆಟ್ಟಿಲಿಗೆ ಅಡ್ಡಲಾಗಿದ್ದ ನಾಯಿಯತ್ತ ಬಗ್ಗಿದಳು.

“ಏಳೋ... ಏಳೋ ಟೈಗರ್.”

‘ಏ’ ಉದ್ದಕ್ಕೆ ಎಳೆದು, ‘ಳೋ’ ಮೇಲೇರಿ, ಅಲ್ಲೇ ಕೊಂಚ ಒಡೆಯಿತು. ಹದಿನೇಳು ಸೆಕೆಂಡಿನಲ್ಲಿ ಅದು ಒಡೆದದ್ದೂ ಅದೇ ಜಾಗದಲ್ಲಿ.

ನಾಯಿ ಎದ್ದು ಪಕ್ಕಕ್ಕೆ ಹೋಯಿತು. ಮಂಜುಶ್ರೀ ಹೋಗಲಿಲ್ಲ. ಅವಳ ಕೈಯಲ್ಲಿದ್ದ ಪ್ಲೇಯರನ್ನು ನೋಡಿದ ಚೈತ್ರಶ್ರೀಗೆ ಇನ್ನೇನನ್ನೂ ಕೇಳುವ ಅಗತ್ಯ ಬೀಳಲಿಲ್ಲ.

“ಚೌಡಮ್ಮಂಗೆ ಕೇಳಿಸಿದ್ರಾ?”

“ಕೇಳಿಸಿದೆ.”

“ಏನಂದ್ರು?”

“ಎಬ್ಬಿಸೋಕೆ ಒಬ್ಬರಾದರೂ ಇದ್ರಲ್ಲ ಅಂದ್ರು.”

ಚೈತ್ರಶ್ರೀ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳು ಅಳಲಿಲ್ಲ. ಆರು ವರ್ಷ ಅತ್ತು ಮುಗಿಸಿದವಳ ಹಾಗೆ ಮುಖ ಒಣಗಿತ್ತು. ಧರ್ಮನಿಗೂ ಅವಳಿಗೂ ಏನಿತ್ತೆಂದು ಮಂಜುಶ್ರೀ ಕೇಳಲಿಲ್ಲ. ಆ ಮುಖವೇ ಎಲ್ಲವನ್ನೂ ಹೇಳುತ್ತಿತ್ತು.

“ಹಾಡಿಗೆ ಬೇಕಾಗಿದ್ದು ಅಷ್ಟೇ ಅಂತ ಕಾಲಿನ್ ಹದಿನೇಳಕ್ಕೆ ಕತ್ತರಿಸಿದ,” ಎಂದಳು. “ಜನ ಅದನ್ನ ಕೇಳಿ ಕುಣಿದ್ರು. ಆಮೇಲಿನದ್ದು ಮೂಲ ಡಿಸ್ಕಿನಲ್ಲಿ ಮಾತ್ರ ಇದೆ. ಅದಕ್ಕೇ ಅವನು ಸತ್ತದ್ದು.”

“ಆಮೇಲೆ ಏನಿದೆ?”

“ಧರ್ಮ ಎದ್ದ, ಮೇಡಂ.”

ಮಂಜುಶ್ರೀ ಪ್ಲೇಯರನ್ನು ಮೆಟ್ಟಿಲ ಮೇಲಿಟ್ಟಳು.

“ತಲೆಗೆ ಪೆಟ್ಟು ಬಿದ್ದಿತ್ತು, ಆದರೂ ಎದ್ದು ಕೂತ. ಹೊಡೆದವರ ಹೆಸರು ಹೇಳಿದ, ನೀರು ಕೇಳಿದ. ನಾನು ನೀರು ತರೋಕೆ ಓಡಿದೆ. ವಾಪಸ್ ಬರೋವಷ್ಟರಲ್ಲಿ...”

ಕೆಳಗೆ ಸ್ಟೋರಿನ ಕಡೆಯಿಂದ ಕಬ್ಬಿಣ ಸದ್ದು ಮಾಡಿತು.

ಎರಡು ಬಿರುಸು, ಒಂದು ನಿಧಾನ. ಮತ್ತೆ ಎರಡು ಬಿರುಸು, ಒಂದು ನಿಧಾನ.

ಮಂಜುಶ್ರೀ ಗಡಿಯಾರ ನೋಡಿದಳು. ಮೂರು ಗಂಟೆ. ಧರ್ಮ ಸತ್ತ ದಿನದ ಹಾಗೆಯೇ ಮತ್ತೆ ಯಾರೋ ಮೂರಕ್ಕೇ ಹೊಡೆಸಿದ್ದರು. ಚೈತ್ರಶ್ರೀಯ ಕಣ್ಣು ಅವಳ ಬೆನ್ನ ಹಿಂದಿನ ತೋಟದತ್ತ ಹೋಗಿ ಅ‌ಲ್ಲೇ ನಿಂತಿತು. ಹಿತ್ತಲಿನ ಬಾಗಿಲು ತೆರೆದ ಸದ್ದಾಯಿತು, ಅಡುಗೆಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದರು. ತೋಟದಿಂದ ಕೊಯ್ಲಿನ ಹೆಂಗಸರು ಅರ್ಧ ಚೀಲ ಹೊತ್ತು, ಇದೇನು ಇಷ್ಟು ಬೇಗ ಎಂದು ಮಾತಾಡಿಕೊಳ್ಳುತ್ತ ಇಳಿಜಾರಿನಲ್ಲಿ ಸಾಲಾಗಿ ನಡೆದರು.

ಬಂಗಲೆಯ ಹತ್ತಿರ ಒಂದು ನರಪಿಳ್ಳೆಯೂ ಉಳಿಯಲಿಲ್ಲ.